ಲೂಯಿ ಪಾಶ್ಚರನೂ ನೀರಿನ ಹನಿಯೂ

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯ ಸೀಮೆಗಳಲ್ಲಿ ಚಂದ್ರಿಕೆಯ ಮೇಲೆ ರೇಷ್ಮೆಹುಳು ಗೂಡು ಕಟ್ಟುವುದನ್ನು ನೋಡುತ್ತ ಬೆಳೆದ ಹೆಣ್ಣುಮಕ್ಕಳಿಗೆ ಲೂಯಿ ಪಾಶ್ಚರನ ಚರಿತ್ರೆಯು ದೂರದೇಶದ ವಾರ್ತೆಯಲ್ಲ. ಹುಚ್ಚುನಾಯಿಯ ಕಡಿತಕ್ಕೆ ಅವನು ಕಂಡುಹಿಡಿದ ಚುಚ್ಚುಮದ್ದಿನ ಸಂಗತಿಯನ್ನು ಎಲ್ಲರೂ ಬಲ್ಲರಾದುದರಿಂದ ಅದನ್ನು ಇಲ್ಲಿ ವಿಸ್ತರಿಸುವುದಿಲ್ಲ.

ಈ ಮಹನೀಯನು 1822ನೆಯ ಇಸವಿ ಡಿಸೆಂಬರ್ 27ರಂದು ಫ್ರಾನ್ಸ್ ದೇಶದ ದೋಲ್ ಎಂಬ ಊರಿನಲ್ಲಿ ಜನಿಸಿದನು. ತಂದೆಯು ಚರ್ಮ ಹದಮಾಡುವ ಕಸುಬಿನವನು. ರಸಾಯನಶಾಸ್ತ್ರವನ್ನು ವ್ಯಾಸಂಗಮಾಡಿದ ಪಾಶ್ಚರನು 1854ರಲ್ಲಿ ಲೀಲ್ ಪಟ್ಟಣದಲ್ಲಿ ಪ್ರಾಧ್ಯಾಪಕನಾಗಿ, ಅಲ್ಲಿ ಹುಳಿತ ರಸದ ಹನಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡತೊಡಗಿದನು. 1861ರಲ್ಲಿ ಅವನಿಗೊಂದು ವಿಚಿತ್ರವು ಗೋಚರಿಸಿತು. ಹನಿಯ ನಡುವೆ ಇದ್ದ ಸೂಕ್ಷ್ಮಜೀವಿಗಳು ಚುರುಕಾಗಿ ಓಡಾಡುತ್ತಿದ್ದುವು. ಗಾಳಿ ಸೋಕುವ ಅಂಚಿನಲ್ಲಿದ್ದುವು ಮಾತ್ರ ನಿಶ್ಚಲವಾಗಿದ್ದುವು. ಗಾಳಿಯೇ ವಿಷವಾಗುವ ಜೀವಿಗಳೂ ಉಂಟೆಂದು ಅವನು ಇದರಿಂದ ತಿಳಿದನು. ಹನಿಯನ್ನು ಒಣಗಿಸಿ ನೋಡಿದ್ದರೆ ಈ ರಹಸ್ಯವು ಅವನಿಗೆ ದೊರೆಯುತ್ತಿರಲಿಲ್ಲ.

1865ರಲ್ಲಿ, ಗಂಟುರೋಗದಿಂದ ಫ್ರಾನ್ಸಿನ ರೇಷ್ಮೆ ಬೆಳೆಗಾರರು ನಿರ್ಗತಿಕರಾಗುತ್ತಿದ್ದಾಗ, ಗುರುವಾದ ದ್ಯೂಮಾ ಎಂಬವನ ಕೋರಿಕೆಯಂತೆ ಪಾಶ್ಚರನು ಅಲೇಸ್ ಪ್ರಾಂತಕ್ಕೆ ಹೊರಟನು. ಅದುವರೆಗೆ ಅವನು ಒಂದು ರೇಷ್ಮೆಹುಳುವನ್ನಾದರೂ ಕೈಯಲ್ಲಿ ಹಿಡಿದವನಲ್ಲ. ಅದೇ ವರ್ಷ ಜೂನ್ ತಿಂಗಳಲ್ಲಿ ತಂದೆಯೂ ಸೆಪ್ಟೆಂಬರಿನಲ್ಲಿ ಎರಡು ವರ್ಷದ ಮಗಳು ಕಮೀಯಳೂ ತೀರಿಕೊಂಡರು. ಮರುವರ್ಷ ಮೇ ತಿಂಗಳಲ್ಲಿ ಹನ್ನೆರಡು ವರ್ಷದ ಸೆಸೀಲಳು ವಿಷಮಜ್ವರಕ್ಕೆ ಬಲಿಯಾದಳು. ಇಷ್ಟಾದರೂ ಕೆಲಸವು ನಿಲ್ಲಲಿಲ್ಲ. ಪತ್ನಿ ಮಾರಿಯೂ ಮಗಳು ಮಾರಿ ಲೂಯಿಸಳೂ ಹುಳು ಸಾಕುವುದರಲ್ಲಿ ನೆರವಾದರು. ವಿಜ್ಞಾನದ ಚರಿತ್ರೆಗಳು ಈ ತಾಯಿಮಕ್ಕಳನ್ನು ಒಂದೇ ಮಾತಿನಲ್ಲಿ ಮುಗಿಸಿಬಿಡುವುದು ನನಗೆ ಸರಿದೋರದು.

ರೋಗಿಷ್ಠ ಹುಳುಗಳಲ್ಲಿ ಕಾಣುವ ಹೊಳೆಯುವ ಕಣಗಳು ರೋಗದ ಫಲವೇ ಹೊರತು ಕಾರಣವಲ್ಲವೆಂದು ಪಾಶ್ಚರನು ಮೊದಲು ಭ್ರಮಿಸಿದ್ದನು. ತಪ್ಪು ತಿಳಿದಮೇಲೆ ಅದನ್ನು ತಿದ್ದಿಕೊಂಡನು. ಅವನು ಏರ್ಪಡಿಸಿದ ಕ್ರಮವಿದು: ಪ್ರತಿಯೊಂದು ತಾಯಿಚಿಟ್ಟೆಯೂ ಬೇರೆ ಬೇರೆ ಬಟ್ಟೆಯ ತುಂಡಿನ ಮೇಲೆ ಮೊಟ್ಟೆಯಿಡಬೇಕು, ಅನಂತರ ಚಿಟ್ಟೆಯನ್ನು ನೀರಿನಲ್ಲಿ ಅರೆದು ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು, ಕಣವು ಕಂಡರೆ ಆ ಮೊಟ್ಟೆಗಳನ್ನು ನಾಶಮಾಡಬೇಕು. 1868ರ ಅಕ್ಟೋಬರಿನಲ್ಲಿ ಪಾರ್ಶ್ವವಾಯು ಬಡಿದು ಅವನ ಎಡಭಾಗವು ಸ್ವಾಧೀನ ತಪ್ಪಿತು. ಮರುವರ್ಷದ ಆರಂಭದಲ್ಲಿಯೇ ಅವನು ಮತ್ತೆ ಹುಳುಗಳ ಬಳಿಗೆ ಹೋದನು. 1870ರಲ್ಲಿ ರೇಷ್ಮೆಹುಳುವಿನ ರೋಗಗಳ ಮೇಲಣ ಅವನ ಗ್ರಂಥವು ಎರಡು ಸಂಪುಟಗಳಲ್ಲಿ ಪ್ರಕಟವಾಯಿತು. 1895ರ ಸೆಪ್ಟೆಂಬರ್ 28ರಂದು ಅವನು ಕಾಲವಶನಾದನು.

1931ರಲ್ಲಿ ಬರ್ಲಿನ್ನಿನಲ್ಲಿ ನೋಲ್ ಮತ್ತು ರುಸ್ಕ ಎಂಬವರು ಎಲೆಕ್ಟ್ರಾನ್ ಸೂಕ್ಷ್ಮದರ್ಶಕವನ್ನು ನಿರ್ಮಿಸಿದರು. ಬೆಳಕಿಗೆ ನಿಲುಕದ ಸೂಕ್ಷ್ಮಗಳನ್ನು ಅದು ತೋರಿಸುವುದು ನಿಜ. ಆದರೆ ಯಂತ್ರದ ಒಳಗು ನಿರ್ವಾತವಾಗಿರಬೇಕಾದುದರಿಂದ ಅಲ್ಲಿ ನೀರಿನ ಹನಿಯು ಆವಿಯಾಗಿ ಹೋಗುವುದು. ಈ ಕಾರಣದಿಂದ ಜೀವಕೋಶವನ್ನು ಕೊಂದು ಒಣಗಿಸಿ ನೋಡುವುದೇ ಬಹುಕಾಲದ ವಾಡಿಕೆಯಾಯಿತು. ಅತಿ ತೆಳುವಾದ ಸಿಲಿಕಾನ್ ನೈಟ್ರೈಡ್ ಪೊರೆಗಳ ನಡುವೆ ದ್ರವವನ್ನು ಭದ್ರಪಡಿಸಿ, ಇಡೀ ಕೋಶವನ್ನು ದ್ರವದಲ್ಲಿಯೇ ಚಿತ್ರಿಸಿದ ವರದಿಯು 2009ರಲ್ಲಿ ಪ್ರಕಟವಾಯಿತು. ಆದರೂ ಆ ಕಿರಣವೇ ಕೋಶವನ್ನು ಘಾಸಿಗೊಳಿಸುವುದು. ಕಾಣುತ್ತಿರುವುದು ಬದುಕಿರುವ ಕೋಶವೇ ಎಂಬ ವಿವಾದವು ಇನ್ನೂ ತೀರಿಲ್ಲ.

ಗಂಟುರೋಗದ ಕಣವಾದರೋ ಮಿಲಿಮೀಟರಿನ ಸಾವಿರದಲ್ಲಿ ಮೂರು ನಾಲ್ಕು ಪಾಲಿನಷ್ಟು ಉದ್ದವುಳ್ಳದ್ದು. ಅದಕ್ಕೆ ಸಾಮಾನ್ಯ ಸೂಕ್ಷ್ಮದರ್ಶಕವೇ ಸಾಕು. ನಮ್ಮ ಬಿತ್ತನೆ ಕೋಠಿಗಳಲ್ಲಿ ಇಂದಿಗೂ ತಾಯಿಚಿಟ್ಟೆಯನ್ನು ಅರೆದು, ಗಾಜಿನ ಮೇಲೆ ಒಂದು ಹನಿಯಿಟ್ಟು ನೋಡಿದ ಮೇಲೆಯೇ ಮೊಟ್ಟೆಗಳನ್ನು ರೈತರಿಗೆ ಕೊಡುವರು.