ಕರ್ಬಲಾದ ಹುಡುಗರು, ನಮ್ಮ ಹಳ್ಳಿಯ ಪದಗಳು

ಮಕ್ಕಳೇ, ದಾವಣಗೆರೆ ಅಂದರೆ ಬೆಣ್ಣೆದೋಸೆ ಅಂತ ನಿಮಗೂ ಗೊತ್ತು. ಪಕ್ಕದ ಹರಿಹರದಲ್ಲಿ ದೇವರೇ ಅರ್ಧ ಶಿವ, ಅರ್ಧ ವಿಷ್ಣು. ಆ ಗುಡಿಯನ್ನು ಹೊಯ್ಸಳರ ದಂಡನಾಯಕ ಪೋಲಾಳ್ವ 1224ರಲ್ಲಿ ಕಟ್ಟಿಸಿದ. ಇಂಥ ಸೀಮೆಯ ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆ, ಇರಾಕಿನ ಮರಳುನೆಲದಲ್ಲಿ ಸತ್ತ ಹುಡುಗರನ್ನು ನೆನೆದು ಕನ್ನಡದಲ್ಲಿ ಪದ ಹಾಡುತ್ತಾರೆ. ಅದು ಮೊಹರಂ. ಕೆಲವೆಡೆ ಪೀರಲ ಹಬ್ಬ, ಕೆಲವೆಡೆ ಅಲಾಯಿ ಹಬ್ಬ ಅನ್ನುತ್ತಾರೆ.

ಕಥೆ ಕ್ರಿ.ಶ. 680ರದು. ಪ್ರವಾದಿ ಮಹಮ್ಮದರ ಮೊಮ್ಮಗ ಹುಸೇನ್, ಯಜೀದ್ ಎಂಬ ದೊರೆಗೆ ತಲೆಬಾಗಲು ಒಪ್ಪಲಿಲ್ಲ. ಕರ್ಬಲಾದಲ್ಲಿ ದೊಡ್ಡ ದಂಡು ಅವರನ್ನು ಸುತ್ತುವರಿಯಿತು. ಯೂಫ್ರೆಟಿಸ್ ನದಿ ಹತ್ತಿರದಲ್ಲೇ ಹರಿಯುತ್ತಿತ್ತು, ಆದರೆ ನೀರು ಮುಟ್ಟಲು ಬಿಡಲಿಲ್ಲ. ಹುಸೇನರ ಕಡೆ ಇದ್ದವರು 72 ಮಂದಿ ಎನ್ನುವುದು ನಂಬಿಕೆ. ಮಗ ಅಲಿ ಅಕ್ಬರನಿಗೆ 18 ವರ್ಷ, ಅಣ್ಣ ಹಸನರ ಮಗ ಖಾಸಿಮನಿಗೆ 13 ಎಂದು ಹೇಳುತ್ತಾರೆ. ತಮ್ಮ ಅಬ್ಬಾಸ್ ಮಕ್ಕಳಿಗೆ ನೀರು ತರಲು ಹೋಗಿ ಎರಡೂ ಕೈ ಕಳೆದುಕೊಂಡ. ಮೊಹರಂ ತಿಂಗಳ ಹತ್ತನೆಯ ದಿನ ಎಲ್ಲ ಮುಗಿದಿತ್ತು.

ನಮ್ಮ ಪದಕಾರರಿಗೆ ದೊರೆಗಳ ರಾಜಕೀಯ ಅಷ್ಟಾಗಿ ಬೇಕಿಲ್ಲ. ಅವರ ಮನಸ್ಸು ನಿಲ್ಲುವುದು ಖಾಸಿಮನ ಮದುವೆಯ ಹತ್ತಿರ. ಬೆಳಗಾದರೆ ಯುದ್ಧ, ಅಷ್ಟರಲ್ಲೇ ಹುಡುಗನಿಗೆ ಮದುವೆ. ಮೈಯ ಅರಿಶಿನ ಆರುವ ಮೊದಲೇ ಕುದುರೆ ಹತ್ತುತ್ತಾನೆ. ಇತಿಹಾಸಕಾರರು ಈ ಮದುವೆಯನ್ನು ಒಪ್ಪುವುದಿಲ್ಲ. ಆಗಿರಲಿಕ್ಕಿಲ್ಲ ಅಂತ ನನಗೂ ಅನಿಸುತ್ತದೆ. ಆದರೆ ಅಭಿಮನ್ಯು ಮತ್ತು ಉತ್ತರೆಯ ಕಥೆ ಕೇಳಿ ಬೆಳೆದ ಹಳ್ಳಿಯಲ್ಲಿ ಈ ಹುಡುಗ ಪರದೇಶದವನಾಗಿ ಹೇಗೆ ಉಳಿದಾನು? ತಾಯಿ ಅಳುವುದು, ಸೋಬಾನೆ ಹಾಡಬೇಕಾದ ಬಾಯಿ ಶೋಕ ಹಾಡುವುದು, ಎಲ್ಲವೂ ನಮ್ಮ ಹೆಣ್ಣುಮಕ್ಕಳ ಮಾತಿನಲ್ಲೇ ಬರುತ್ತದೆ. ಗೆದ್ದ ಯಜೀದನನ್ನು ಕೊಂಡಾಡುವ ಪದ ಮಾತ್ರ ಒಂದೂ ಇಲ್ಲ.

ಹಬ್ಬ ನಡೆಯುವ ಬಗೆ ಕೇಳಿ. ಚಂದ್ರ ಕಂಡ ಮೇಲೆ ಮಸೂತಿಯ ಮುಂದೆ ಗುದ್ದಲಿ ಹಾಕಿ ಅಲಾಯಿ ಕುಣಿ ತೋಡುತ್ತಾರೆ. ಮಸೂತಿಯ ಒಳಗೆ ಹಸ್ತದ ಆಕಾರದ ಪಂಜಾಗಳನ್ನು ಬಟ್ಟೆ, ಹೂವುಗಳಿಂದ ಸಿಂಗರಿಸಿ ನಿಲ್ಲಿಸುತ್ತಾರೆ. ರಾತ್ರಿ ಕುಣಿಯಲ್ಲಿ ಬೆಂಕಿ ಉರಿಯುತ್ತಿರುವಾಗ ಸುತ್ತ ಗಂಡಸರು ಹೆಜ್ಜೆ ಹಾಕುತ್ತಾರೆ. ಒಬ್ಬ ಪದ ಎತ್ತಿದರೆ ಉಳಿದವರದು ಹಿಮ್ಮೇಳ, ಹಲಗೆಯ ಬಡಿತ ಬೇರೆ. ಎರಡು ಮೇಳಗಳಿದ್ದರೆ ಸವಾಲು ಜವಾಬು ಬೆಳಗಿನ ಜಾವದವರೆಗೂ ಸಾಗೀತು, ನಡುವೆ ರಾಮಾಯಣ ಮಹಾಭಾರತದ ಪ್ರಶ್ನೆಗಳೂ ತೂರಿಕೊಂಡು ಬರುತ್ತವೆ. ಹರಕೆ ಹೊತ್ತ ಮಕ್ಕಳು ಕೆಂಪು ದಾರ ಹಾಕಿಕೊಂಡು ಫಕೀರರಾಗುತ್ತಾರೆ. ಮನೆಮನೆಯವರು ಬಂದು ಸಕ್ಕರೆ ಓದಿಸಿಕೊಂಡು ಹೋಗುತ್ತಾರೆ. ಕೊನೆಯ ದಿನ ಪಂಜಾ ದೇವರು ಹೊಳೆಗೆ ಹೋಗುತ್ತದೆ. ನೀರಿಲ್ಲದೆ ಸತ್ತವರ ಹೆಸರಿನ ಪಂಜಾ ತುಂಗಭದ್ರೆಯ ಸೀಮೆಯಲ್ಲಿ ನೀರು ಕಾಣುತ್ತದೆ.

ಇನ್ನೊಂದು ವಿಷಯ. ಒಂದೂ ಮುಸ್ಲಿಂ ಮನೆ ಇಲ್ಲದ ಹಳ್ಳಿಗಳಲ್ಲೂ ಈ ಹಬ್ಬ ಉಂಟು. ಇಂಥ ಊರುಗಳನ್ನು ಸುತ್ತಿ ಬಂದ ರಹಮತ್ ತರೀಕೆರೆಯವರು ‘ಕರ್ನಾಟಕದ ಮೊಹರಂ’ ಎಂಬ ಪುಸ್ತಕವನ್ನೇ ಬರೆದಿದ್ದಾರೆ. ಹಾಗೆಂದು ಎಲ್ಲರೂ ಒಪ್ಪುತ್ತಾರೆ ಎಂದುಕೊಳ್ಳಬೇಡಿ. ಕುಣಿತ, ಪಂಜಾ ನಮ್ಮ ಧರ್ಮದ್ದಲ್ಲ ಎನ್ನುವ ಮುಸ್ಲಿಮರಿದ್ದಾರೆ, ಅವರ ಹಬ್ಬ ನಮಗೇಕೆ ಎನ್ನುವ ಹಿಂದೂಗಳಿದ್ದಾರೆ. ಕೆಲವು ಊರುಗಳಲ್ಲಿ ಕುಣಿ ಮುಚ್ಚಿಯೇ ಹೋಗಿದೆ.

ಚಾಂದ್ರಮಾನದ ಲೆಕ್ಕವಾದ್ದರಿಂದ ಮೊಹರಂ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತದೆ. ಹತ್ತನೆಯ ದಿನ 2026ರಲ್ಲಿ ಜೂನ್ ಕೊನೆಯ ವಾರಕ್ಕೆ, 2027ರಲ್ಲಿ ಜೂನ್ ನಡುವಿಗೆ, 2028ರಲ್ಲಿ ಜೂನ್ ಮೊದಲ ವಾರಕ್ಕೆ ಬೀಳಲಿದೆ.  ಅಜ್ಜಿಯ ಊರಿಗೆ ಹೋದಾಗ, ಒಂಬತ್ತನೆಯ ದಿನದ ರಾತ್ರಿ ನಿದ್ದೆ ಮಾಡದೆ ಅಜ್ಜನ ಕೈ ಹಿಡಿದು ಅಲಾಯಿ ಕುಣಿಯ ಹತ್ತಿರ ಹೋಗಿ. ಸಕ್ಕರೆ ಪೊಟ್ಟಣ ಮರೆಯಬೇಡಿ.