ಶಾಂತಸಾಗರದ ಮಹಾನಾವಿಕ ತುಪಾಯ

ಹಡಗಿನ ಒಡೆಯನ ಹೆಸರು ಚರಿತ್ರೆಯಲ್ಲಿ ಉಳಿಯುತ್ತದೆ; ದಾರಿ ತೋರಿದವನ ಹೆಸರು ಉಳಿಯುವುದು ಅಪರೂಪ. ಕ್ಯಾಪ್ಟನ್ ಜೇಮ್ಸ್ ಕುಕ್ಕನ ಹೆಸರನ್ನು ಶಾಲೆಯಲ್ಲಿ ಓದದವರು ನಮ್ಮಲ್ಲಿ ಕಡಮೆ. ಆದರೆ ಆತನ ಹಡಗಿನಲ್ಲಿ ಹದಿನೇಳು ತಿಂಗಳ ಕಾಲ ದಾರಿಗಾರನಾಗಿ, ದುಭಾಷಿಯಾಗಿ ಇದ್ದು, ಪರದೇಶದಲ್ಲಿ ಪ್ರಾಣಬಿಟ್ಟ ತುಪಾಯನೆಂಬ ಮಹಾನಾವಿಕನನ್ನು ಬಲ್ಲವರೆಷ್ಟು ಮಂದಿ? ಊರು ಬಿಟ್ಟು ಬಂದು ಅನ್ಯರ ನಡುವೆ ದುಡಿಯುವ ನಮ್ಮ ವಾಚಕರಿಗೆ ಈತನ ಕಥೆ ದೂರದ್ದೆನಿಸಲಾರದು.

ಶಾಂತಸಾಗರದ ನಡುವೆ ರಯಾತೆಯವೆಂಬ ದ್ವೀಪವಿದೆ. ಸುಮಾರು 1725ರಲ್ಲಿ ತುಪಾಯನು ಅಲ್ಲಿಯ ಪ್ರತಿಷ್ಠಿತ ಮನೆತನವೊಂದರಲ್ಲಿ ಜನಿಸಿದನು. ಆ ದ್ವೀಪದ ತಪುತಪುಆತೆಯವು ಸುತ್ತಲಿನ ದ್ವೀಪಗಳವರೆಲ್ಲರೂ ಪೂಜ್ಯವೆಂದು ಎಣಿಸುತ್ತಿದ್ದ ಕ್ಷೇತ್ರ. ಮಾಡು ಗೋಡೆಗಳಿಲ್ಲದೆ, ಕಡಲಂಚಿನಲ್ಲಿ ಕಲ್ಲು ಹಾಸಿದ ವಿಶಾಲವಾದ ಅಂಗಳವೇ ಅಲ್ಲಿಯ ದೇವಸ್ಥಾನ. ಅಲ್ಲಿ ತುಪಾಯನು ಅರ್ಚಕನಾಗಿ ಶಿಕ್ಷಣ ಪಡೆದನು. ವಂಶಾವಳಿ, ಪುರಾಣ, ವೈದ್ಯ, ಖಗೋಳ, ನೌಕಾಯಾನ ಎಲ್ಲವೂ ಆ ಶಿಕ್ಷಣದಲ್ಲಿ ಸೇರಿದ್ದವು. ಅವರಿಗೆ ಲಿಪಿಯಿರಲಿಲ್ಲ. ಗುರುವಿನ ಬಾಯಿಂದ ಶಿಷ್ಯನ ಕಿವಿಗೆ, ಕಿವಿಯಿಂದ ಕಂಠಕ್ಕೆ ವಿದ್ಯೆ ಇಳಿಯುತ್ತಿದ್ದಿತು.

ಆ ವಿದ್ಯೆ ಎಂತಹದು? ಪ್ರತಿಯೊಂದು ನಕ್ಷತ್ರವೂ ವರ್ಷವಿಡೀ ದಿಗಂತದ ಒಂದೇ ತಾಣದಲ್ಲಿ ಮೂಡಿ ಒಂದೇ ತಾಣದಲ್ಲಿ ಮುಳುಗುತ್ತದೆ. ಒಂದು ನಕ್ಷತ್ರವು ಮೇಲೇರಿ ದಿಕ್ಕು ತೋರಲು ಅನುಪಯುಕ್ತವಾದಾಗ ಅದೇ ತಾಣದಲ್ಲಿ ಮೂಡುವ ಮುಂದಿನದನ್ನು ಹಿಡಿಯಬೇಕು. ಹೀಗೆ ರಾತ್ರಿಯೆಲ್ಲಾ ಒಂದರ ಬೆನ್ನಿಗೆ ಒಂದರಂತೆ ನಕ್ಷತ್ರಗಳ ಸಾಲನ್ನು ನಾವಿಕನು ಬಾಯಿಪಾಠವಾಗಿ ಬಲ್ಲನು. ಹಗಲಲ್ಲಿ ಉದಯಾಸ್ತದ ಸೂರ್ಯನೂ, ದೂರದಿಂದ ಒಂದೇ ಹದದಲ್ಲಿ ಬರುವ ಕಡಲಿನ ಉಬ್ಬರದಲೆಗಳೂ ಆತನಿಗೆ ಆಧಾರ. ಬೆಳಗ್ಗೆ ಮೀನಿಗಾಗಿ ಕಡಲಿಗೆ ಹಾರಿ ಸಂಜೆ ನೆಲಕ್ಕೆ ಮರಳುವ ಹಕ್ಕಿಗಳು, ಎತ್ತರದ ದ್ವೀಪದ ಮೇಲೆ ಕದಲದೆ ನಿಲ್ಲುವ ಮುಗಿಲು, ಇವು ಕಾಣದ ನೆಲದ ಸುಳಿವನ್ನು ಕೊಡುತ್ತಿದ್ದವು.

ದೋಣಿಯ ಕೆಲಸವೂ ಅಷ್ಟೇ ಸೂಕ್ಷ್ಮವಾದುದು. ಕಬ್ಬಿಣವನ್ನೇ ಕಾಣದ ಆ ಜನರು ಕಲ್ಲಿನ ಬಾಚಿಯಿಂದ ಮರವನ್ನು ಕೆತ್ತಿ, ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು, ಸಂದುಗಳಿಗೆ ನಮ್ಮ ಕರಾವಳಿಯವರು ಜೀಗುಜ್ಜೆಯೆನ್ನುವ ಮರದ ಅಂಟನ್ನು ಮೆತ್ತುತ್ತಿದ್ದರು. ಕೇದಗೆಯ ಜಾತಿಯ ಗಿಡದ ಗರಿಯಿಂದ ಹೆಣೆದ ಚಾಪೆಯೇ ಹಾಯಿ. ಎರಡು ಒಡಲುಗಳನ್ನು ಜೋಡಿಸಿ ಕಟ್ಟಿದ ಮಹಾದೋಣಿಗಳಲ್ಲಿ ಅವರು ವಾರಗಟ್ಟಲೆ ನೆಲ ಕಾಣದೆ ಪ್ರಯಾಣ ಮಾಡುತ್ತಿದ್ದರು. ನಮ್ಮ ಪಶ್ಚಿಮ ಕರಾವಳಿಯಲ್ಲಿಯೂ ಹಿಂದೆ ಹುರಿಯಿಂದ ಹೊಲಿದ ದೋಣಿಗಳಿದ್ದುದನ್ನು ಬಲ್ಲವರಿಗೆ ಇದರಲ್ಲಿ ಸೋಜಿಗವಿರದು.

ತುಪಾಯನ ಯೌವನ ಸುಖಮಯವಾಗಿ ಮುಗಿಯಲಿಲ್ಲ. ನೆರೆಯ ಬೋರಾಬೋರಾ ದ್ವೀಪದ ಯೋಧರು ರಯಾತೆಯವನ್ನು ಗೆದ್ದುಕೊಂಡರು. ಯುದ್ಧದಲ್ಲಿ ತೊರಕೆ ಮೀನಿನ ಮುಳ್ಳಿನ ಮೊನೆಯುಳ್ಳ ಈಟಿಯು ಆತನ ದೇಹವನ್ನು ಹಾಯ್ದುಹೋಯಿತು. ಆಸ್ತಿಪಾಸ್ತಿಗಳನ್ನು ಕಳೆದುಕೊಂಡು, ಜೀವ ಉಳಿಸಿಕೊಂಡು, ಆತನು ತಾಹಿತಿ ದ್ವೀಪಕ್ಕೆ ವಲಸೆ ಬಂದನು. ಅಲ್ಲಿ ಪಪಾರಾ ಸೀಮೆಯ ರಾಣಿ ಪುರೇಯಾಳಿಗೆ ಮಂತ್ರಿಯೂ ಪ್ರಧಾನ ಅರ್ಚಕನೂ ಆದನು. ನೆಲ ಹೋದರೂ ವಿದ್ಯೆ ಹೋಗದೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಆದರೆ 1768ರ ಕೊನೆಯಲ್ಲಿ ಪುರೇಯಾಳ ಪಕ್ಷವೂ ಯುದ್ಧದಲ್ಲಿ ಸೋತಿತು. ತುಪಾಯನು ಎರಡನೆಯ ಬಾರಿ ನೆಲೆ ಕಳೆದುಕೊಂಡನು.

1769ರ ಏಪ್ರಿಲ್ 13ರಂದು ಕುಕ್ಕನ ಎಂಡೆವರ್ ಹಡಗು ತಾಹಿತಿಯ ಮತಾವಾಯಿ ಕೊಲ್ಲಿಯಲ್ಲಿ ಲಂಗರು ಹಾಕಿತು. ಜೂನ್ 3ರಂದು ಶುಕ್ರಗ್ರಹವು ಸೂರ್ಯಬಿಂಬವನ್ನು ಹಾಯುವುದನ್ನು ಅಳೆಯುವುದು ಆಂಗ್ಲರ ಉದ್ದೇಶವಾಗಿದ್ದಿತು. ಹಡಗಿನಲ್ಲಿದ್ದ ಸಿರಿವಂತ ಸಸ್ಯಶಾಸ್ತ್ರಜ್ಞ ಜೋಸೆಫ್ ಬ್ಯಾಂಕ್ಸನಿಗೆ ತುಪಾಯನ ಸ್ನೇಹವಾಯಿತು. ತಮ್ಮೊಡನೆ ಬರಲು ತುಪಾಯನು ತಾನಾಗಿಯೇ ಮನಸ್ಸು ಮಾಡಿದನು. ಖರ್ಚನ್ನು ಹೊರಲು ಕುಕ್ಕನು ಮೊದಲು ಒಪ್ಪಲಿಲ್ಲ. ಬ್ಯಾಂಕ್ಸನು ತನ್ನ ಹೊಣೆಯ ಮೇಲೆ ಕರೆದುಕೊಂಡನು. ಪ್ರಯಾಣದಲ್ಲಿ ಈತನಿಂದ ಲಾಭವುಂಟೆಂದು ಬ್ಯಾಂಕ್ಸನು ಬಲ್ಲನು. ಆದರೆ ನೆರೆಯ ಶ್ರೀಮಂತರು ಹುಲಿ ಸಿಂಹಗಳನ್ನು ಸಾಕುವಂತೆ ಇವನನ್ನೂ ಇರಿಸಿಕೊಳ್ಳಬಹುದೆಂಬ ಭಾವವನ್ನೂ ತನ್ನ ದಿನಚರಿಯಲ್ಲಿ ಬರೆದಿಟ್ಟನು. ಪಂಡಿತನೊಬ್ಬನನ್ನು ಕಂಡ ಕಣ್ಣು ಹೀಗಿದ್ದಿತು! ಜುಲೈ 13ರಂದು ತಾಯಾತೊ ಎಂಬ ಬಾಲಕನೊಡನೆ ತುಪಾಯನು ತಾಹಿತಿಯನ್ನು ಬಿಟ್ಟನು.

ಮೊದಲು ಹುವಾಹಿನೆ, ರಯಾತೆಯ ದ್ವೀಪಗಳಿಗೆ ಆತನೇ ದಾರಿಗಾರ. ಹವಳದ ದಿಬ್ಬಗಳ ನಡುವೆ ನುಗ್ಗುವ ಮುನ್ನ ಮುಳುಗುಗಾರನೊಬ್ಬನನ್ನು ನೀರಿಗಿಳಿಸಿ ಹಡಗಿನ ತಳ ಎಷ್ಟು ಆಳಕ್ಕಿದೆಯೆಂದು ತಿಳಿದುಕೊಂಡನು. ಹಡಗನ್ನು ಮೊದಲು ಅರಿತುಕೊಂಡು ಆಮೇಲೆ ನಡೆಸಿದ ಜಾಣ್ಮೆ ಇದು. ಅಲ್ಲಿಂದ ದಕ್ಷಿಣಕ್ಕೆ ರುರುತುವಿಗೂ ದಾರಿ ತೋರಿದನು. ಹಡಗು ಎತ್ತ ತಿರುಗಿದರೂ, ತಾಹಿತಿ ಯಾವ ದಿಕ್ಕಿಗಿದೆಯೆಂದು ಕೇಳಿದೊಡನೆ ತಪ್ಪದೆ ಕೈಮಾಡಿ ತೋರುತ್ತಿದ್ದನೆಂದು ಹಡಗಿನವರು ಹೇಳಿದ್ದಾರೆ.

ಹಡಗಿನಲ್ಲಿಯೇ ಆತನ ಅರಿವಿನಿಂದ ಒಂದು ಭೂಪಟ ಸಿದ್ಧವಾಯಿತು. ಅದರಲ್ಲಿ 74 ದ್ವೀಪಗಳಿವೆ. ಕುಕ್ಕನ ಕೈಯ ಪ್ರತಿ ಇಂದು ಬ್ರಿಟಿಷ್ ಲೈಬ್ರರಿಯಲ್ಲಿದೆ. ಉತ್ತರವನ್ನು ಮೇಲಿಟ್ಟು ಓದುವ ಐರೋಪ್ಯರ ಕಣ್ಣಿಗೆ ದ್ವೀಪಗಳು ಅಡ್ಡಾದಿಡ್ಡಿಯಾಗಿ ಕಂಡುದರಿಂದ ಬಹುಕಾಲ ಅದನ್ನು ಗೊಂದಲದ ಪಟವೆಂದೇ ಎಣಿಸಿದರು. 2019ರಲ್ಲಿ ಜರ್ಮನಿಯ ಪಾಟ್ಸ್‌ಡಾಮ್ ವಿಶ್ವವಿದ್ಯಾಲಯದ ಇಬ್ಬರು ವಿದ್ವಾಂಸರು ಬೇರೊಂದು ಅರ್ಥವನ್ನು ಮುಂದಿಟ್ಟರು: ಪಟದ ನಡುವೆ ಬರೆದಿರುವುದು ನಡುಹಗಲಿನ ಸೂರ್ಯನ ಗುರುತು; ದ್ವೀಪದಿಂದ ದ್ವೀಪಕ್ಕೆ ಹೋಗುವ ದಾರಿಗಳನ್ನು ಅದರ ಆಧಾರದಿಂದ ಜೋಡಿಸಲಾಗಿದೆ ಎಂಬುದು ಅವರ ವಾದ. ಪಟದಲ್ಲಿ ದೋಷವೋ, ಓದಿದವರಲ್ಲಿ ದೋಷವೋ ವಾಚಕರೇ ಯೋಚಿಸಲಿ.

1769ರ ಅಕ್ಟೋಬರಿನಲ್ಲಿ ಹಡಗು ನ್ಯೂಜೀಲೆಂಡನ್ನು ಮುಟ್ಟಿತು. ಇಂದು ಗಿಸ್ಬರ್ನ್ ನಗರವಿರುವ ಸ್ಥಳದಲ್ಲಿ ಮೊದಲ ದಿನವೇ ಆಂಗ್ಲರ ಗುಂಡಿಗೆ ಮಾವೋರಿಯೊಬ್ಬನು ಬಲಿಯಾದನು. ಮರುದಿನ ತುಪಾಯನು ನದಿಯ ಇತ್ತಣಿಂದ ತನ್ನ ಭಾಷೆಯಲ್ಲಿ ಕೂಗಿ ಮಾತನಾಡಿಸಿದನು. ಏನಾಶ್ಚರ್ಯ! ಸಾವಿರಾರು ಮೈಲು ಕಡಲಿನಾಚೆಯ ಆ ಜನರಿಗೆ ಮಾತು ತಿಳಿಯಿತು. ಅವರು ಉತ್ತರ ಕೊಟ್ಟರು. ಒಂದೇ ಮೂಲದ ಜನರು ದೋಣಿಗಳಲ್ಲಿ ಹೋಗಿ ನೆಲೆಸಿದ್ದರೆಂಬುದಕ್ಕೆ ಅದೇ ಜೀವಂತ ಸಾಕ್ಷಿ. ಆ ದಿನವೂ ರಕ್ತಪಾತ ತಪ್ಪಲಿಲ್ಲವಾದರೂ, ಮುಂದೆ ಅನೇಕ ಕಡೆ ಆತನ ಮಾತಿನಿಂದಲೇ ಎರಡು ಪಕ್ಷಗಳ ನಡುವೆ ವ್ಯವಹಾರ ಸಾಧ್ಯವಾಯಿತು. ಮಾವೋರಿಗಳು ಆತನನ್ನು ಪೂರ್ವಜರ ನಾಡಿನಿಂದ ಬಂದ ಗುರುವೆಂದು ಗೌರವಿಸಿದರು. ಕುಕ್ಕನು 1773ರಲ್ಲಿ ಮತ್ತೆ ಹೋದಾಗ ಅವರು ಮೊದಲು ವಿಚಾರಿಸಿದ್ದು ತುಪಾಯನನ್ನು.

ಆದರೆ ಆಗ ಆತನಿರಲಿಲ್ಲ. ಆಸ್ಟ್ರೇಲಿಯದ ಕರೆಯಲ್ಲಿ ಆತನ ಭಾಷೆ ಯಾರಿಗೂ ತಿಳಿಯಲಿಲ್ಲ. ಹಡಗಿನ ಊಟದಿಂದ ರಕ್ತಪಿತ್ತ ರೋಗ ತಗಲಿತು. ಹಡಗು ದುರಸ್ತಿಗೆ ನಿಂತಾಗ ತಾನೇ ಮೀನು ಹಿಡಿದು ತಿಂದು ಚೇತರಿಸಿಕೊಂಡನು. 1770ರ ಅಕ್ಟೋಬರಿನಲ್ಲಿ ಡಚ್ಚರ ಬಟೇವಿಯ, ಎಂದರೆ ಇಂದಿನ ಜಕಾರ್ತಕ್ಕೆ ಬಂದಾಗ ಅಲ್ಲಿಯ ಜ್ವರವು ಹಡಗಿನವರನ್ನು ಮುತ್ತಿತು. ಮೊದಲು ಬಾಲಕ ತಾಯಾತೊ ತೀರಿಕೊಂಡನು. ಕೆಲವು ದಿನಗಳಲ್ಲಿ, ಡಿಸೆಂಬರಿನಲ್ಲಿ, ತುಪಾಯನೂ ಕಣ್ಣುಮುಚ್ಚಿದನು. ಆಗ ಆತನಿಗೆ ಸುಮಾರು ನಲವತ್ತೈದು ವಯಸ್ಸು. ಕುಕ್ಕನು ಆತನ ಬುದ್ಧಿಯನ್ನು ಒಪ್ಪಿಕೊಂಡರೂ, ಗರ್ವಿಷ್ಠನಾಗಿದ್ದನೆಂದೂ ಬರೆದನು.

ಮುಂದಿನ ನೂರು ವರ್ಷಗಳಲ್ಲಿ ಪಾದ್ರಿಗಳೂ ಪರಕೀಯ ಆಳರಸರೂ ಬಂದರು. ಹಳೆಯ ದೇವಸ್ಥಾನಗಳು ಪಾಳುಬಿದ್ದವು. ಐರೋಪ್ಯ ಹಡಗುಗಳ ಮುಂದೆ ಮಹಾದೋಣಿಗಳು ಮೂಲೆಗೆ ಬಿದ್ದವು. ನಮ್ಮ ಹೋಟೆಲುಗಳ ಹಳೆಯ ಅಡಿಗೆಭಟ್ಟರು ಸಾಂಬಾರಿನ ಹದವನ್ನು ತಕ್ಕಡಿಯಿಂದಲ್ಲ, ಕೈಯಿಂದ ಬಲ್ಲರು. ಅವರು ಯಾರಿಗೂ ಕಲಿಸದೆ ಊರಿಗೆ ಹೋದ ಮರುದಿನ ಗಲ್ಲಾದಲ್ಲಿ ಕುಳಿತ ಧಣಿಗೆ ಅದರ ಬೆಲೆ ತಿಳಿಯುತ್ತದೆ. ಪಾಲಿನೇಷ್ಯದಲ್ಲಿ ಆದದ್ದೂ ಅದೇ. ವಿದ್ಯೆ ಮರೆಯಾದ ಮೇಲೆ ಅದು ಎಂದೂ ಇರಲಿಲ್ಲವೆನ್ನುವವರು ಹುಟ್ಟಿಕೊಂಡರು. 1956ರಲ್ಲಿ ಆಂಡ್ರೂ ಶಾರ್ಪ್ ಎಂಬವರು, ಆ ಜನರು ದೂರದ ದ್ವೀಪಗಳಿಗೆ ಹೋದದ್ದು ಗಾಳಿಗೆ ಸಿಕ್ಕಿ ಆಕಸ್ಮಿಕವಾಗಿ ಎಂದು ವಾದಿಸಿದರು.

ಇದಕ್ಕೆ ಉತ್ತರ ದೋಣಿಯಿಂದಲೇ ಬಂದಿತು. 1973ರಲ್ಲಿ ಹವಾಯಿಯಲ್ಲಿ ಪಾಲಿನೇಷ್ಯನ್ ನೌಕಾಯಾನ ಸಂಘ ಸ್ಥಾಪಿತವಾಗಿ, 1975ರಲ್ಲಿ ಹೋಕುಲೇಆ ಎಂಬ ಜೋಡಿ ಒಡಲಿನ ದೋಣಿ ನೀರಿಗಿಳಿಯಿತು. ಆ ಹೆಸರು ನಾವು ಸ್ವಾತಿಯೆನ್ನುವ ನಕ್ಷತ್ರದ್ದು; ಅದು ಹವಾಯಿಯ ನೆತ್ತಿಯ ಮೇಲೆ ಹಾಯುತ್ತದೆ. ಆದರೆ ನಡೆಸಬಲ್ಲವರು ಪಾಲಿನೇಷ್ಯದಲ್ಲಿ ಸಿಗಲಿಲ್ಲ. ಮೈಕ್ರೊನೇಷ್ಯದ ಸತವಾಲ್ ಎಂಬ ಕಿರುದ್ವೀಪದ ಮೌ ಪಿಯಾಲುಗ್ ಮುಂದೆ ಬಂದರು. ದಿಕ್ಸೂಚಿಯಿಲ್ಲದೆ ಹೊರಟ ದೋಣಿ 1976ರ ಜೂನ್ 4ರಂದು ತಾಹಿತಿಯ ಪಪೀತೆಯನ್ನು ತಲುಪಿದಾಗ ಸುಮಾರು 17 ಸಾವಿರ ಜನ ರೇವಿನಲ್ಲಿ ನೆರೆದಿದ್ದರು. 1980ರಲ್ಲಿ ಹವಾಯಿಯವರೇ ಆದ ನೈನೋವಾ ಥಾಂಪ್ಸನ್ ಅದೇ ದಾರಿಯಲ್ಲಿ ಹೋಗಿಬಂದರು. ತಮ್ಮ ದ್ವೀಪದ ಯುವಕರು ಕಲಿಯದಿದ್ದುದನ್ನು ಕಂಡು, ವಿದ್ಯೆ ಉಳಿಯಲೆಂದು ಹೊರಗಿನವರಿಗೆ ಕಲಿಸಿದ ಮೌ 2010ರಲ್ಲಿ ನಿಧನರಾದರು. ಇಂದು ತಾಹಿತಿ, ನ್ಯೂಜೀಲೆಂಡುಗಳಲ್ಲಿಯೂ ಅಂತಹ ದೋಣಿಗಳಿವೆ. ತಪುತಪುಆತೆಯ ಕ್ಷೇತ್ರವು 2017ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು.

2019ರ ಅಕ್ಟೋಬರಿನಲ್ಲಿ ತಾಹಿತಿಯ ಫಾಆಫೈತೆ ಎಂಬ ದೋಣಿಯು ಗಿಸ್ಬರ್ನ್ ರೇವನ್ನು ಪ್ರವೇಶಿಸಿತು. ತುಪಾಯನು ನದಿಯ ದಡದಲ್ಲಿ ನಿಂತು ಮಾತನಾಡಿದ ಅದೇ ನೆಲ. ಸರಿಯಾಗಿ 250 ವರ್ಷಗಳ ಮೇಲೆ. ಆತನು ಮನೆಗೆ ಮರಳಲಿಲ್ಲ. ಆದರೆ ಆತನ ಮನೆಯವರು, ತಮ್ಮದೇ ದೋಣಿಯಲ್ಲಿ, ಆತನು ನಿಂತಿದ್ದ ಕಡೆಗೆ ಬಂದರು.