ವಾಗಣಗೇರಿಯ ಪಿಡ್ಡನಾಯಕ

ಸುರಪುರವೆಂದೊಡನೆ ನಮಗೆಲ್ಲ ನೆನಪಾಗುವವನು 1858ರಲ್ಲಿ ಇಂಗ್ಲಿಷರನ್ನೆದುರಿಸಿದ ರಾಜಾ ವೆಂಕಟಪ್ಪನಾಯಕ. ಅದು ಯೋಗ್ಯವೇ ಸರಿ. ಆದರೆ ನಮ್ಮ ಕೋಟನೂರಿನ ಕಡೆಯಿಂದ ಜೇವರ್ಗಿ, ಶಹಾಪುರಗಳನ್ನು ದಾಟಿ ಸಗರನಾಡಿಗೆ ಹೋದಾಗಲೆಲ್ಲ ನನ್ನ ಮನಸ್ಸು ಆ ಮನೆತನದ ಹಿರಿಯ ಪಿಡ್ಡನಾಯಕನ ಕಡೆಗೇ ವಾಲುತ್ತದೆ.

ಈತ ಸಗರದ ಪಾಮನಾಯಕನ ದತ್ತು ವಾರಸುದಾರ. ಪಾಮನಾಯಕ ಬಿಜಾಪುರದ ಪಕ್ಷದವನು. 1686ರಲ್ಲಿ ಬಿಜಾಪುರವೂ ಮರುವರ್ಷ ಗೋಲ್ಕೊಂಡವೂ ಬಿದ್ದಮೇಲೆ ಆಸರೆಯಿಲ್ಲದೆ ಔರಂಗಜೇಬನಿಗೆ ಶರಣಾದ. ಕೆಲವೇ ದಿನಗಳಲ್ಲಿ ತೀರಿಕೊಂಡ. ಪಿಡ್ಡನಾಯಕನೂ ಮೊದಲು ಮೊಗಲರ ಸೇವೆಯಲ್ಲಿದ್ದವನೇ. ರಾಯಚೂರ ಮುತ್ತಿಗೆಯ ಕಾಲದಲ್ಲಿ ಒಂದು ವಾರದ ರಜೆ ಬೇಡಿ ವಾಗಣಗೇರಿಗೆ ಬಂದವನು ತಿರುಗಿ ಹೋಗಲಿಲ್ಲ. ಕೋಟೆಯನ್ನು ಭದ್ರಪಡಿಸಿ ಬೇಡ ಬಂದೂಕುಗಾರರ ಪಡೆ ಕಟ್ಟಿದ. ದೊಡ್ಡ ದಂಡು ಬಂದರೆ ಕಪ್ಪ ಕೊಟ್ಟು ಬಾಗುವನು. ದಂಡು ಅತ್ತ ಹೋಯಿತೋ, ಇತ್ತ ಮತ್ತೆ ಸ್ವತಂತ್ರ! ಇದು ವಚನಭ್ರಷ್ಟತೆಯಲ್ಲವೆ ಎಂದು ಸಹಪಾಠಿಗಳು ಕೇಳುತ್ತಾರೆ. ಇರಬಹುದು. ಆದರೆ ಆತನ ಕಥೆಯ ಬಹುಭಾಗ ನಮಗೆ ದೊರೆತಿರುವುದು ಶತ್ರುಗಳ ಲೇಖನಿಯಿಂದ ಎಂಬುದನ್ನೂ ಮರೆಯಬಾರದು.

1705ರ ಫೆಬ್ರವರಿಯಲ್ಲಿ ಎಂಬತ್ತಾರರ ಮುದುಕ ಬಾದಶಹನೇ ಖುದ್ದಾಗಿ ಬಂದು ವಾಗಣಗೇರಿಗೆ ಮುತ್ತಿಗೆ ಹಾಕಿದ. ಇಡೀ ಹಿಂದುಸ್ಥಾನವನ್ನಾಳುವವನಿಗೆ ಒಂದು ಗುಡ್ಡದ ಕೋಟೆ! ಧನಾಜಿ ಜಾಧವನ ಮರಾಠರು ಮಾರ್ಚಿಯಲ್ಲಿ ನೆರವಿಗೆ ಬಂದರು. ಕೋಟೆಯೊಳಗೆ ಅವರ ಹೆಂಗಸರು ಮಕ್ಕಳೂ ಇದ್ದರು. ಅವರನ್ನು ಹಿಂಬಾಗಿಲಿನಿಂದ ಸಾಗಿಸಲಾಯಿತು. ನಾಯಕ ಸಂಧಿಯ ಮಾತೆತ್ತಿದ. ಮೊಗಲ ಅಧಿಕಾರಿಯೊಬ್ಬನನ್ನು ಕೋಟೆಯೊಳಕ್ಕೂ ಬಿಟ್ಟುಕೊಂಡ. ಆಮೇಲೆ ಅವನ ತಾಯಿಯಿಂದ ಸುದ್ದಿ ಬಂತು: ಮಗನಿಗೆ ಹುಚ್ಚು ಹಿಡಿದು ಮರಾಠರೊಡನೆ ಓಡಿಹೋಗಿದ್ದಾನೆಂದು. ಎಲ್ಲವೂ ನಾಟಕ! ಒಳಗೆ ಹೋದ ಅಧಿಕಾರಿ ಸೆರೆಯಾಗಿದ್ದ, ನಾಯಕ ಒಳಗೇ ಇದ್ದ. ಆ ತಾಯಿಯ ವಿಷಯ ಇನ್ನಷ್ಟು ತಿಳಿಯಬೇಕೆಂದು ನನಗೆ ಆಸೆ.

ಕೊನೆಗೆ ಜುಲ್ಫಿಕಾರ್ ಖಾನನ ಸೈನ್ಯ ಬಂದು ಸುತ್ತಣ ದಿಬ್ಬಗಳನ್ನೂ ಬಾವಿಗಳನ್ನೂ ಹಿಡಿಯಿತು. ನೀರು ತಪ್ಪಿದ ಕೋಟೆ ಎಷ್ಟು ದಿನ ನಿಂತೀತು? ಏಪ್ರಿಲ್ 27ರ ರಾತ್ರಿ ಪಿಡ್ಡನಾಯಕ ತನ್ನವರೊಡನೆ ಜಾರಿಕೊಂಡ. ಮೊಗಲರಿಗೆ ದಕ್ಕಿದ್ದು ಬರಿದಾದ ಕೋಟೆ, ಉರಿಯುವ ಮನೆಗಳು. ಕೋಟೆಗಾಗಿ ಸಾಯುವುದೇ ಶೌರ್ಯವೆಂದು ನಾವು ಓದಿ ಬೆಳೆದವರು. ಜನರನ್ನು ಉಳಿಸಿಕೊಂಡು ಹೊರಟವನನ್ನು ಹೇಡಿಯೆನ್ನಲು ನನಗಂತೂ ನಾಲಗೆ ಏಳದು.

ಗೆದ್ದ ಬಾದಶಹ ಸಮೀಪದ ದೇವಾಪುರದ ಬೀಡಿನಲ್ಲಿ ಕಾಯಿಲೆ ಬಿದ್ದು ತಿಂಗಳುಗಟ್ಟಲೆ ಅಲ್ಲಿಯೇ ಉಳಿದ. ಅದೇ ಅವನ ಕಡೆಯ ಮುತ್ತಿಗೆ. 1707ರಲ್ಲಿ ಅಹಮದನಗರದಲ್ಲಿ ತೀರಿಕೊಂಡ. ಪಿಡ್ಡನಾಯಕನ ಮನೆತನ ಸುರಪುರದಲ್ಲಿ ನೆಲೆ ನಿಂತು 1858ರವರೆಗೆ ಆಳಿತು.